ಟ್ರಿಪ್, ಜರ್ನಿ, ಟೂರ್, ಟ್ರಾವೆಲ್, ವಾಯೇಜ್: ಎಲ್ಲದಕ್ಕೂ ‘ಪ್ರಯಾಣ’ ಅಂದ್ರೆ ನಡೆಯುತ್ತಾ?

ಎಂಟನೇ ಬಿ ಸೆಕ್ಷನ್
ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪದಗಳ ಅಭ್ಯಾಸ ಹಾಳೆ ತಯಾರಾಗ್ತಿದೆ. ಸಣ್ಣ ಡಿಕ್ಷನರಿ ಯಾವುದನ್ನ ತೆಗೆದರೂ ಈ ಐದು ಪದಕ್ಕೂ ‘ಪ್ರಯಾಣ, ಪ್ರವಾಸ, ಯಾತ್ರೆ’ ಅಂತ ಒಂದೇ ಸಾಲು ಬರೆದು ಕೈತೊಳೆದುಕೊಂಡಿದೆ. ಅದನ್ನ ನೋಡಿ ಮಕ್ಕಳು ಬರೆಯೋದು ಹೀಗೆ:

‘ಐ ವೆಂಟ್ ಆನ್ ಎ ಟ್ರಾವೆಲ್ ಟು ಮೈಸೂರು.’
‘ವಿ ಟ್ರಿಪ್ಡ್ ಟು ಹಂಪಿ.’
‘ಮೈ ಅಂಕಲ್ ಹ್ಯಾಸ್ ಗಾನ್ ಆನ್ ಎ ಬಿಸಿನೆಸ್ ಜರ್ನಿ.’

ಮೂರೂ ತಪ್ಪು. ಯಾಕೆ ತಪ್ಪು ಅಂತ ಹದಿಮೂರು ವರ್ಷದವರಿಗೆ ತಿಳಿಯೋ ಹಾಗೆ ಹೇಳೋದು ಹೇಗೆ? ‘ಇಂಗ್ಲಿಷಲ್ಲಿ ಹಾಗನ್ನಲ್ಲ, ಅಷ್ಟೆ’ ಅನ್ನೋ ಉತ್ತರ ಬೇಡ.

ನಿಘಂಟು ಹುಳ
ಮೊದಲು ಟ್ರಾವೆಲ್ ಪಕ್ಕಕ್ಕಿಡಿ, ಅದರ ಜಾತಿಯೇ ಬೇರೆ. ಉಳಿದ ನಾಲ್ಕನ್ನ ಎಣಿಸಬಹುದು, ಇದನ್ನ ಎಣಿಸೋಕಾಗಲ್ಲ. ನಾಮಪದವಾಗಿ ಟ್ರಾವೆಲ್ ಅಂದ್ರೆ ಒಟ್ಟಾರೆ ಓಡಾಟ, ಒಂದು ಸಲ ಹೋಗಿಬಂದದ್ದಲ್ಲ. ಹಾಗಾಗಿ ‘ಎ ಟ್ರಾವೆಲ್’ ಇಲ್ಲ, ‘ಟು ಟ್ರಾವೆಲ್ಸ್’ ಇಲ್ಲ. ‘ಏರ್ ಟ್ರಾವೆಲ್ ಈಸ್ ಎಕ್ಸ್‌ಪೆನ್ಸಿವ್’ ಸರಿ. ಬಹುವಚನ ಬರೋದು ಸಾಮಾನ್ಯವಾಗಿ ಯಾರ ಓಡಾಟ ಅಂತ ಹೇಳುವಾಗ: ‘ಹಿಸ್ ಟ್ರಾವೆಲ್ಸ್ ಇನ್ ಆಫ್ರಿಕಾ’. ಅಲ್ಲೂ ಹಲವು ಊರು, ಬಹಳ ದಿನ ಅನ್ನೋ ಅರ್ಥ. ಹಿಂದೆ ಸಂಖ್ಯೆ ಹಾಕೋ ಹಾಗಿಲ್ಲ.

ಇನ್ನು ಜರ್ನಿ ಮತ್ತು ಟ್ರಿಪ್. ಜರ್ನಿ ಅಂದ್ರೆ ದಾರಿ. ಇಲ್ಲಿಂದ ಹೊರಟು ಅಲ್ಲಿ ತಲುಪೋವರೆಗಿನ ಭಾಗ ಮಾತ್ರ. ಟ್ರಿಪ್ ಅಂದ್ರೆ ಹೋಗಿದ್ದು, ಅಲ್ಲಿ ಉಳಿದದ್ದು, ಹೋದ ಕೆಲಸ ಮುಗಿಸಿದ್ದು, ವಾಪಸ್ ಬಂದದ್ದು ಎಲ್ಲ ಸೇರಿ ಒಂದು. ಮನೆಗೆ ಬಂದಿಳಿದ ನೆಂಟರನ್ನ ಬಾಗಿಲಲ್ಲೇ ಕೇಳೋದು ‘ಹೌ ವಾಸ್ ದ ಜರ್ನಿ?’ ಸೀಟು ಸಿಕ್ತಾ, ಘಾಟಿಯಲ್ಲಿ ತಲೆ ಸುತ್ತಿತಾ ಅಂತ. ಅದೇ ನೆಂಟರು ತಮ್ಮೂರಿಗೆ ಮರಳಿದ ಮೇಲೆ ಅಲ್ಲಿನ ಪಕ್ಕದ ಮನೆಯವರು ಕೇಳೋದು ‘ಹೌ ವಾಸ್ ದ ಟ್ರಿಪ್?’ ಅದಕ್ಕೆ ಉತ್ತರವಾಗಿ ಮದುವೆ ಊಟದ ಸಮೇತ ಎಲ್ಲಾ ಹೇಳಬಹುದು.

‘ಬಿಸಿನೆಸ್ ಜರ್ನಿ’ ಕಿವಿಗೆ ಹೊಡೆಯೋದು ಇದಕ್ಕೇ. ವ್ಯವಹಾರ ನಡೆಯೋದು ಹೋದ ಊರಲ್ಲಿ, ದಾರಿಯಲ್ಲಲ್ಲ. ಉದ್ದೇಶದ ಹೆಸರು ಅಂಟಿಕೊಳ್ಳೋದು ಟ್ರಿಪ್‌ಗೆ: ಬಿಸಿನೆಸ್ ಟ್ರಿಪ್, ಶಾಪಿಂಗ್ ಟ್ರಿಪ್, ಫಿಶಿಂಗ್ ಟ್ರಿಪ್, ಸ್ಕೂಲ್ ಟ್ರಿಪ್. ಜರ್ನಿಗೆ ಅಂಟಿಕೊಳ್ಳೋದು ವಾಹನ ಮತ್ತು ಅವಧಿ: ಟ್ರೈನ್ ಜರ್ನಿ, ಸಿಕ್ಸ್ ಅವರ್ ಜರ್ನಿ.

ಕೆಂಪು ಬಸ್ಸು
ನಮ್ಮ ಕಡೆ ಟ್ರಾವೆಲ್ಸ್ ಅಂದ್ರೆ ರಾತ್ರಿ ಹತ್ತಕ್ಕೆ ಹೊರಡೋ ಸ್ಲೀಪರ್ ಬಸ್ಸು. ಅದನ್ನ ಎಣಿಸಬಹುದಲ್ವಾ?

ಫ್ಯೂಸ್ ವೈರ್
‘ವಿ ಟ್ರಿಪ್ಡ್ ಟು ಹಂಪಿ’ ಅಂತ ಬರೆದ ಮಗುವಿಗೆ ಹೇಳಿ: ಟ್ರಿಪ್ ಕ್ರಿಯಾಪದ ಆದ್ರೆ ಎಡವೋದು. ‘ವಿ ಟ್ರಿಪ್ಡ್ ಇನ್ ಹಂಪಿ’ ಅಂದ್ರೆ ಹಂಪಿಯಲ್ಲಿ ಕಲ್ಲೆಡವಿ ಬಿದ್ವಿ ಅಂತ. ಎಂಸಿಬಿ (ಮನೆಯ ಕರೆಂಟು ತಾನಾಗೇ ಕಡಿಯೋ ಸ್ವಿಚ್) ಟ್ರಿಪ್ ಆಗೋದೂ ಅದೇ ಕ್ರಿಯಾಪದ. ಓಡಾಟದ ಅರ್ಥ ಬೇಕಿದ್ರೆ ‘ಟುಕ್ ಎ ಟ್ರಿಪ್’, ‘ಮೇಡ್ ಎ ಟ್ರಿಪ್’ ಅಥವಾ ‘ವೆಂಟ್ ಆನ್ ಎ ಟ್ರಿಪ್’ ಅನ್ನಬೇಕು.

ಧಾರವಾಡದಾಂವ
ಹುಳಪ್ಪನವರು ಹೇಳಿದ್ದು ಪುಸ್ತಕದಾಗ ಛಂದ ಐತ್ರಿ. ಆದ್ರ ನಮ್ಮ ರೈಲ್ವೆದವ್ರು ಇದನ್ನ ಓದಿಲ್ಲ. ಅಲ್ಲೆ ಎಲ್ಲಾನೂ ಜರ್ನಿನ. ಹೊಂಟ ಸ್ಟೇಶನ್ನಿಗೇ ತಿರುಗಿ ಬರೂ ಟಿಕೀಟಿಗೆ ‘ಸರ್ಕ್ಯುಲರ್ ಜರ್ನಿ ಟಿಕೆಟ್’ ಅಂತಾರ. ಹೋಗಿ, ಇಳದು, ನೋಡಿ, ಮತ್ತ ಹತ್ತಿ, ಮನಿಗೆ ಬಂದ್ರ ಅದು ಟ್ರಿಪ್ ಆಗಬೇಕಲ್ಲ?

ಪಿಎನ್ಆರ್ ಪಂಡಿತ
ಧಾರವಾಡದವರೇ, ರೈಲ್ವೆ ಸರಿಯಾಗೇ ಹೇಳ್ತಿದೆ. ರೈಲ್ವೆ ಮಾರೋದು ಕಿಲೋಮೀಟರ್. ನೀವು ಇಳಿದ ಊರಲ್ಲಿ ಏನು ಮಾಡಿದ್ರಿ ಅನ್ನೋದು ಅದಕ್ಕೆ ಸಂಬಂಧ ಇಲ್ಲ. ಸರ್ಕ್ಯುಲರ್ ಟಿಕೆಟಿನ ದರ ಲೆಕ್ಕ ಹಾಕೋ ರೀತಿ ನೋಡಿ: ಒಟ್ಟು ದೂರವನ್ನ ಎರಡು ಭಾಗ ಮಾಡಿ, ಪ್ರತಿ ಅರ್ಧವನ್ನೂ ಒಂದು ಸಿಂಗಲ್ ಜರ್ನಿ ಅಂತ ಹಿಡಿದು ದರ ಹಾಕ್ತಾರೆ. ದೂರ ಹೆಚ್ಚಾದಷ್ಟೂ ಕಿಲೋಮೀಟರ್ ದರ ಇಳಿಯೋದರಿಂದ ಬಿಡಿ ಬಿಡಿ ಟಿಕೆಟಿಗಿಂತ ಅಗ್ಗ. ಮಧ್ಯೆ ಎಂಟು ಸಲ ಇಳಿಯಬಹುದು. ಪೂರಾ ದಾರಿಯ ಲೆಕ್ಕ, ಆದ್ದರಿಂದ ಜರ್ನಿ.

ಮಾಮೂಲಿ ಟಿಕೆಟಿನ ಬ್ರೇಕ್ ಜರ್ನಿಯೂ ಹಾಗೇ. 500 ಕಿ.ಮೀ.ಗಿಂತ ಉದ್ದದ ಟಿಕೆಟಾದ್ರೆ ಒಂದು ಸಲ ಇಳಿಯಬಹುದು, 1000 ದಾಟಿದ್ರೆ ಎರಡು ಸಲ. ಪ್ರತಿ ಸಲ ಎರಡು ದಿನ, ಇಳಿದ ದಿನ ಮತ್ತು ಮತ್ತೆ ಹತ್ತೋ ದಿನ ಬಿಟ್ಟು. ಜನ ಸಿಕ್ಕಿಬೀಳೋದು ಒಂದು ಷರತ್ತಿನಲ್ಲಿ: ಮೊದಲ ಸಲ ಇಳಿಯೋದು ಹೊರಟಲ್ಲಿಂದ 500 ಕಿ.ಮೀ. ಆದ ಮೇಲೇ ಆಗಬೇಕು. ಬೆಂಗಳೂರಿನಿಂದ ಹುಬ್ಬಳ್ಳಿ ರೈಲಿನಲ್ಲಿ ಸುಮಾರು 470. ಹುಬ್ಬಳ್ಳಿ ಮೇಲೆ ಪುಣೆಗೆ ಟಿಕೆಟ್ ಇದ್ರೆ ಹುಬ್ಬಳ್ಳಿಯಲ್ಲಿ ಇಳಿದು ನಿಲ್ಲೋ ಹಾಗಿಲ್ಲ, ಬೆಳಗಾವಿಯಲ್ಲಿ ನಿಲ್ಲಬಹುದು. ಇಳಿದಲ್ಲಿ ಸ್ಟೇಷನ್ ಮಾಸ್ಟರ್ ಹತ್ರ ಟಿಕೆಟ್ ಮೇಲೆ ಬರೆಸಿಕೊಳ್ಳಬೇಕು. ರಾಜಧಾನಿ, ಶತಾಬ್ದಿ, ಜನಶತಾಬ್ದಿಗೆ ಈ ಸೌಲಭ್ಯ ಇಲ್ಲ.

ಧಾರವಾಡದಾಂವ
ಅಂದ್ರ ನಡುವ ಎರಡ ದಿನ ಇಳದು ಕುಂತ್ರೂ ಜರ್ನಿ ಮುರದಂಗ, ಮುಗದಂಗಲ್ಲ. ಇದು ಬರೋಬ್ಬರಿ ಐತಿ.

ಲಂಡನ್ ಲೋಕಲ್
ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಬ್ರಿಟನ್ನಿನ ಜರ್ನಿ ಬೇರೆ, ಅಮೆರಿಕದ ಜರ್ನಿ ಬೇರೆ. ಲಂಡನ್ನಿನಲ್ಲಿ ಹತ್ತು ನಿಮಿಷದ ಟ್ಯೂಬ್ (ಅಲ್ಲಿನ ಮೆಟ್ರೋ) ಓಡಾಟವೂ ಜರ್ನಿಯೇ. ಕಾರ್ಡು ಒಳಗೆ ಹೋಗುವಾಗ ತಾಗಿಸಿ ಹೊರಗೆ ಬರುವಾಗ ಮರೆತರೆ ಅದು ‘ಇನ್‌ಕಂಪ್ಲೀಟ್ ಜರ್ನಿ’, ಗರಿಷ್ಠ ದರ ಕತ್ತರಿಸ್ತಾರೆ. ದಾರಿ ಹುಡುಕೋ ಸೌಲಭ್ಯದ ಹೆಸರು ಲಂಡನ್ನಿನಲ್ಲಿ ಜರ್ನಿ ಪ್ಲಾನರ್, ನ್ಯೂಯಾರ್ಕಿನಲ್ಲಿ ಟ್ರಿಪ್ ಪ್ಲಾನರ್. ಅಮೆರಿಕದವರ ಕಿವಿಗೆ ಜರ್ನಿ ಅಂದ್ರೆ ದೂರದ್ದು, ಕಷ್ಟದ್ದು, ಇಲ್ಲಾ ಬದುಕಿನ ಬಗ್ಗೆ ಏನೋ ದೊಡ್ಡ ಮಾತು. ನಮ್ಮ ಮೆಟ್ರೋದ ‘ಸಿಂಗಲ್ ಜರ್ನಿ ಟೋಕನ್’ ಬ್ರಿಟಿಷ್ ಕಡೆಯದ್ದು.

ಮಕ್ಕಳ ಹಾಳೆಗೆ ಬ್ರಿಟಿಷ್ ಬಳಕೆ ಇಟ್ಟುಕೊಂಡ್ರೆ ಸ್ಪೆಲಿಂಗನ್ನೂ ಹಾಗೇ ಇಡಿ. ಟ್ರಾವೆಲಿಂಗ್, ಟ್ರಾವೆಲರ್ ಎರಡರಲ್ಲೂ ಬ್ರಿಟಿಷರಿಗೆ ಎರಡು ‘ಎಲ್’, ಅಮೆರಿಕದವರಿಗೆ ಒಂದು. ಒಂದೇ ಹಾಳೆಯಲ್ಲಿ ಎರಡೂ ಬಂದ್ರೆ ಮಕ್ಕಳು ಗೊಂದಲಕ್ಕೆ ಬೀಳ್ತಾರೆ.

ನಿಘಂಟು ಹುಳ
@ಲಂಡನ್ ಲೋಕಲ್ ಒಪ್ಪಿದೆ. ಅದೇ ಜಾಗದಲ್ಲಿ ‘ರಿಟರ್ನ್ ಟಿಕೆಟ್’ ಕೂಡ ಕಾಲು ಜಾರೋ ಪದ. ಬ್ರಿಟಿಷರಿಗೆ ರಿಟರ್ನ್ ಅಂದ್ರೆ ಹೋಗೋದು ಬರೋದು ಎರಡೂ. ಅಮೆರಿಕದವರು ಅದನ್ನೇ ರೌಂಡ್ ಟ್ರಿಪ್ ಅಂತಾರೆ. ನಮ್ಮವರು ‘ರಿಟರ್ನ್ ಟಿಕೆಟ್ ಬುಕ್ ಆಯ್ತಾ?’ ಅಂತ ಕೇಳೋದು ಬರೋ ಟಿಕೆಟಿನ ಬಗ್ಗೆ ಮಾತ್ರ. ಇಮೇಲಲ್ಲಿ ‘ಪ್ಲೀಸ್ ಬುಕ್ ಎ ರಿಟರ್ನ್ ಟಿಕೆಟ್ ಫ್ರಮ್ ಡೆಲ್ಲಿ’ ಅಂತ ಬರೆದ್ರೆ ದೆಹಲಿಯಿಂದ ಹೊರಟು ದೆಹಲಿಗೇ ಮರಳೋ ಎರಡು ಟಿಕೆಟ್ ಬಂದು ಕೂರುತ್ತೆ. ಒಂದು ಕಡೆಯದ್ದೇ ಬೇಕಾದ್ರೆ ‘ಒನ್ ವೇ’ ಅಂತ ಬರೆದು ಎರಡೂ ಊರಿನ ಹೆಸರು, ದಿನಾಂಕ ಹಾಕಿ.

ಪಣಂಬೂರು ಡೆಕ್
ವಾಯೇಜ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ ಅಲ್ವಾ ಮಾರಾಯ್ರೆ. ಇಂಗ್ಲಿಷಿನಲ್ಲಿ ವಾಯೇಜ್ ಅಂದ್ರೆ ಸಮುದ್ರ, ಇಲ್ಲದಿದ್ರೆ ಅಂತರಿಕ್ಷ. ಬಸ್ಸಿಗೆ, ರೈಲಿಗೆ ಬರುವುದೇ ಇಲ್ಲ. ಹಡಗಿನಲ್ಲಿ ಇರುವುದು ವಾಯೇಜ್ ಡೇಟಾ ರೆಕಾರ್ಡರ್, ವಿಮಾನದಲ್ಲಿ ಇರುವುದು ಫ್ಲೈಟ್ ಡೇಟಾ ರೆಕಾರ್ಡರ್. ಎರಡೂ ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ.

ಹಡಗಿನ ವ್ಯಾಪಾರದಲ್ಲಿ ವಾಯೇಜ್ ಮತ್ತು ಟ್ರಿಪ್ ಬೇರೆ ಬೇರೆ ಕರಾರು, ಇಲ್ಲಿ ಪದ ತಪ್ಪಿದರೆ ಹಣ ಹೋಗ್ತದೆ. ವಾಯೇಜ್ ಚಾರ್ಟರ್ ಅಂದ್ರೆ ಇಂಥ ಬಂದರಿನಿಂದ ಇಂಥ ಬಂದರಿಗೆ ಇಂತಿಷ್ಟು ಸರಕು. ಬಾಡಿಗೆ ಸಾಮಾನ್ಯವಾಗಿ ಟನ್ನಿನ ಲೆಕ್ಕ, ಎಣ್ಣೆ ಖರ್ಚು ಹಡಗಿನ ಮಾಲೀಕನದ್ದು. ಸರಕು ಹತ್ತಿಸಲಿಕ್ಕೆ ಇಳಿಸಲಿಕ್ಕೆ ಕೊಟ್ಟ ಅವಧಿ ಮೀರಿದರೆ ಬಾಡಿಗೆಗೆ ತಗೊಂಡವ ಡೆಮರೇಜ್ ಕಟ್ಟಬೇಕು. ಟ್ರಿಪ್ ಚಾರ್ಟರ್ ಅಂದ್ರೆ ಒಂದೇ ಓಟಕ್ಕೆ ಮಾಡಿಕೊಂಡ ಟೈಮ್ ಚಾರ್ಟರ್ (ಅವಧಿಯ ಲೆಕ್ಕದ ಬಾಡಿಗೆ ಕರಾರು). ಬಾಡಿಗೆ ದಿನದ ಲೆಕ್ಕ, ಎಣ್ಣೆ ಬಾಡಿಗೆಗೆ ತಗೊಂಡವನದ್ದು. ಬಂದರಿನಲ್ಲಿ ಜಾಗ ಸಿಗದೆ ಹೊರಗೆ ಲಂಗರು ಹಾಕಿ ಐದು ದಿನ ಕಾದರೆ, ಟ್ರಿಪ್ ಚಾರ್ಟರಿನಲ್ಲಿ ಬಾಡಿಗೆ ಮೀಟರು ಓಡ್ತಾ ಉಂಟು. ವಾಯೇಜ್ ಚಾರ್ಟರಿನಲ್ಲಿ ಆ ಐದು ದಿನ ಯಾರ ತಲೆಗೆ ಅಂತ ಕರಾರಿನ ಅಕ್ಷರ ಅಕ್ಷರ ಓದಿ ಜಗಳ ಮಾಡಬೇಕಾಗ್ತದೆ.

ಇನ್ನೊಂದು ಪದ ಪ್ಯಾಸೇಜ್. ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಗುವ ತುಂಡು. ಹಳೆ ನಾವಿಕರ ಲೆಕ್ಕದಲ್ಲಿ ಹೋಗುವ ಪ್ಯಾಸೇಜು, ಬರುವ ಪ್ಯಾಸೇಜು ಸೇರಿ ಒಂದು ವಾಯೇಜು.

ಸಂತೆಪೇಟೆ
ಹಾಗಾದ್ರೆ ಏರ್‌ಪೋರ್ಟಲ್ಲಿ ‘ಬಾನ್ ವಾಯೇಜ್’ ಅಂತ ಕೇಕ್ ಮೇಲೆ ಬರೆಯೋದು ತಪ್ಪಾ?

ಪಣಂಬೂರು ಡೆಕ್
ತಪ್ಪಲ್ಲ. ಅದು ಫ್ರೆಂಚ್. ಫ್ರೆಂಚರಿಗೆ ಕಾರಲ್ಲಿ ಹೋದರೂ ವಾಯೇಜೇ. ಇಂಗ್ಲಿಷಿಗೆ ಬಂದ ಮೇಲೆ ಪದ ನೀರಿಗೆ ಇಳಿದದ್ದು. ಎಲ್ಲ ನೀರೂ ಅಲ್ಲ ಮತ್ತೆ. ಹೊಳೆಯ ಈ ದಡದಿಂದ ಆ ದಡಕ್ಕೆ ಹೋದರೆ ಕ್ರಾಸಿಂಗ್. 2025ರಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಜನ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟ್ತಿದ್ದರಲ್ಲ, ಅದು ಕ್ರಾಸಿಂಗ್. ತಲುಪುವುದು ಮುಖ್ಯ ಅಲ್ಲ, ನೀರಿನ ಮೇಲೆ ಇರುವುದೇ ಮಜಾ ಅಂತ ಹೋದರೆ ಕ್ರೂಸ್.

ತಾಳೆಗರಿ
ಪದಗಳ ಬೇರು ಹೇಳಿದ್ರೆ ಮಕ್ಕಳಿಗೆ ಬೇಗ ಹತ್ತುತ್ತೆ ಅನ್ನೋದು ನನ್ನ ವಾದ. ಜರ್ನಿ ಬಂದಿರೋದು ಫ್ರೆಂಚಿನ ‘ದಿನ’ ಅನ್ನೋ ಪದದಿಂದ, ಒಂದು ದಿನದಲ್ಲಿ ಸಾಗೋ ದಾರಿ. ಜರ್ನಲ್ ಅಂದ್ರೆ ದಿನಚರಿ, ಅದೂ ಅದೇ ಬೇರು. ಜರ್ನಿಮನ್ ಅಂದ್ರೆ ಪ್ರಯಾಣಿಕ ಅಲ್ಲ, ಕಸುಬು ಕಲಿತು ದಿನಗೂಲಿಗೆ ದುಡಿಯೋ ಕುಶಲಕರ್ಮಿ. ಟ್ರಾವೆಲ್ ಹಳೆ ಫ್ರೆಂಚಿನ ‘ಕಷ್ಟಪಡು’ ಅನ್ನೋ ಕ್ರಿಯಾಪದದಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ಟ್ರೆಪಾಲಿಯಂ ಇದೆ ಅಂತಾರೆ ನಿಘಂಟಿನವರು, ಮೂರು ಗೂಟದ ಚಿತ್ರಹಿಂಸೆ ಸಾಧನ. ಟೂರ್ ಅಂದ್ರೆ ಸುತ್ತು, ಟರ್ನ್ ಇದರ ಸೋದರ. ಆದ್ದರಿಂದ ಟೂರ್ ಹೊರಟಲ್ಲಿಗೇ ಮರಳುತ್ತೆ, ಮಧ್ಯೆ ಹಲವು ಜಾಗ ಮುಟ್ಟುತ್ತೆ.

ಪಿಎನ್ಆರ್ ಪಂಡಿತ
ಕೇಳೋಕೆ ಚೆನ್ನ, ಬಳಸೋಕೆ ಕಷ್ಟ. ಟ್ರೆಪಾಲಿಯಂ ಗೊತ್ತಾದ ಮಗು ‘ಎ ಟ್ರಾವೆಲ್’ ಅಂತ ಬರೆಯೋದು ನಿಲ್ಲಿಸುತ್ತಾ? ಬೇರು ಹೇಳೋದು ಪದ ಎಲ್ಲಿಂದ ಬಂತು ಅಂತ, ಈಗ ಎಲ್ಲಿದೆ ಅಂತ ಅಲ್ಲ.

ತಾಳೆಗರಿ
ಕೆಲವು ಕಡೆ ಈಗ ಎಲ್ಲಿದೆ ಅಂತಲೂ ಹೇಳುತ್ತೆ ಸ್ವಾಮಿ. ಕಮ್ಯೂಟ್ ತಗೊಳ್ಳಿ. ದಿನಾ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಓಡಾಡೋದು. ಮೂಲ ಅರ್ಥ ‘ಬದಲಾಯಿಸು’. 19ನೇ ಶತಮಾನದ ಅಮೆರಿಕದ ರೈಲಿನಲ್ಲಿ ದಿನದಿನದ ಟಿಕೆಟಿನ ಬದಲು ಒಟ್ಟಿಗೆ ಕಡಿಮೆ ದುಡ್ಡು ಕಟ್ಟಿ ತಗೊಳ್ಳೋದಕ್ಕೆ ಕಮ್ಯೂಟೇಶನ್ ಟಿಕೆಟ್ ಅಂತಿದ್ರು. ಅದನ್ನ ಇಟ್ಟುಕೊಂಡವನು ಕಮ್ಯೂಟರ್. ನಮ್ಮ ರೈಲಿನ ಸೀಸನ್ ಪಾಸ್ ಇದ್ದ ಹಾಗೆ. ರಿಟೈರ್ ಆದವರು ‘ಪೆನ್ಷನ್ ಕಮ್ಯೂಟ್ ಮಾಡಿಸಿದೆ’ ಅಂತಾರಲ್ಲ, ಅದೇ ಪದ. ತಿಂಗಳ ಪಿಂಚಣಿಯ ಒಂದು ಭಾಗವನ್ನ ಇಡುಗಂಟಿಗೆ ಬದಲಾಯಿಸಿಕೊಳ್ಳೋದು. ಕೇಂದ್ರ ನೌಕರರಿಗೆ ಶೇ. 40ರ ತನಕ, ಕಡಿತವಾದ ಭಾಗ 15 ವರ್ಷದ ಮೇಲೆ ವಾಪಸ್ ಸೇರುತ್ತೆ. ಮರಣದಂಡನೆಯನ್ನ ಜೀವಾವಧಿಗೆ ಇಳಿಸೋದೂ ಕಮ್ಯೂಟ್. ಹೀಗೆ ಹೇಳಿಕೊಟ್ರೆ ‘ಐ ಕಮ್ಯೂಟೆಡ್ ಟು ಊಟಿ ಫಾರ್ ವೆಕೇಶನ್’ ಅಂತ ಯಾವ ಮಗೂ ಬರೆಯಲ್ಲ.

ಕೆಂಪು ಬಸ್ಸು
ಎಂಟನೇ ಕ್ಲಾಸಿಗೆ ಪೆನ್ಷನ್ ಪಾಠ! ಪಾಪ ಮಕ್ಕಳು.

ಎಂಟನೇ ಬಿ ಸೆಕ್ಷನ್
ಕಮ್ಯೂಟ್ ಮೇಷ್ಟ್ರುಗಳಿಗೆ ಚೆನ್ನಾಗಿ ಅರ್ಥವಾಗುತ್ತೆ. ಟೂರ್ ಬಗ್ಗೆ ಇನ್ನೂ ಹೇಳಿ. ಟ್ರಿಪ್ಪೂ ಹೊರಟಲ್ಲಿಗೇ ಮರಳುತ್ತಲ್ಲ, ಹಾಗಾದ್ರೆ ವ್ಯತ್ಯಾಸ ಎಲ್ಲಿ?

ಸಿಲ್ಲಿ ಪಾಯಿಂಟ್
ಪದ ಆದ ಮೇಲೆ ಬರೋ ಸಣ್ಣ ಪದ ನೋಡಿ ಮೇಡಂ, ಅಲ್ಲೇ ಗುಟ್ಟು. ಟ್ರಿಪ್ ‘ಟು’ ಕೇರಳ. ಟೂರ್ ‘ಆಫ್’ ಕೇರಳ. ಜರ್ನಿ ‘ಫ್ರಮ್’ ಇಲ್ಲಿ ‘ಟು’ ಅಲ್ಲಿ, ಇಲ್ಲಾ ‘ಥ್ರೂ’ ಕಾಡು. ಟ್ರಿಪ್‌ಗೆ ಒಂದು ಗುರಿ ಸಾಕು. ಹೋಗಿ ಒಂದೇ ರೆಸಾರ್ಟಲ್ಲಿ ಬಿದ್ಕೊಂಡು ಬಂದ್ರೂ ಟ್ರಿಪ್ಪೇ. ಟೂರ್ ಆಗಬೇಕಾದ್ರೆ ಅದರೊಳಗೆ ತಿರುಗಬೇಕು. ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋಗೋದು ‘ಟೂರ್ ಆಫ್ ಆಸ್ಟ್ರೇಲಿಯಾ’, ಯಾಕಂದ್ರೆ ಪರ್ತ್, ಅಡಿಲೇಡ್, ಬ್ರಿಸ್ಬೇನ್, ಮೆಲ್ಬರ್ನ್, ಸಿಡ್ನಿ ಅಂತ ಊರೂರು ಸುತ್ತಿ ಆಡ್ತಾರೆ. ಒಂದು ಮ್ಯೂಸಿಯಂ ಒಳಗೆ ಗೈಡ್ ಜೊತೆ ಅರ್ಧ ಗಂಟೆ ಸುತ್ತಿದ್ರೂ ಟೂರ್. ಹಾಗಾಗಿ ಅವಧಿ ಲೆಕ್ಕಕ್ಕಿಲ್ಲ, ಸುತ್ತು ಲೆಕ್ಕಕ್ಕಿದೆ.

ಕ್ರಿಯಾಪದ ಆದಾಗ ‘ಟು’ ಹಾಕಬಾರದು. ‘ವಿ ಟೂರ್ಡ್ ಕೇರಳ’ ಸರಿ, ‘ವಿ ಟೂರ್ಡ್ ಟು ಕೇರಳ’ ತಪ್ಪು. ಟ್ರಾವೆಲ್‌ಗೆ ಉಲ್ಟಾ, ‘ವಿ ಟ್ರಾವೆಲ್ಡ್ ಟು ಕೇರಳ’. ಆದ್ರೆ ‘ಟ್ರಾವೆಲ್ ದ ವರ್ಲ್ಡ್’ ಅಂತ ಇಡೀ ಪ್ರದೇಶ ಹೇಳುವಾಗ ‘ಟು’ ಬೇಡ.

ಗೆಜೆಟೆಡ್ ರಜೆ
ಸರ್ಕಾರಿ ಟೂರ್ ಬೇರೆಯೇ. ‘ಸಾಹೇಬ್ರು ಟೂರಲ್ಲಿದ್ದಾರೆ’ ಅಂದ್ರೆ ಒಂದೇ ಊರಿಗೆ ಮೀಟಿಂಗಿಗೆ ಹೋಗಿರ್ತಾರೆ. ಟೂರ್ ಡೈರಿ, ಟೂರ್ ಪ್ರೋಗ್ರಾಂ, ಟಿಎ (ಪ್ರಯಾಣ ಭತ್ಯೆ) ಬಿಲ್. ಬ್ರಿಟಿಷ್ ಕಾಲದ ಅಧಿಕಾರಿಗಳು ಹಳ್ಳಿ ಹಳ್ಳಿಗೆ ಹೋಗಿ ಗುಡಾರ ಹಾಕಿ ಜಿಲ್ಲೆ ಸುತ್ತುತ್ತಿದ್ದ ಪದ್ಧತಿಯ ಉಳಿಕೆ ಅದು. ‘ಕ್ಯಾಂಪಲ್ಲಿದ್ದಾರೆ’ ಅನ್ನೋದೂ ಅಲ್ಲಿಂದಲೇ. ಇಂಗ್ಲೆಂಡಿನವರಿಗೆ ‘ಐ ಆಮ್ ಆನ್ ಟೂರ್’ ಅಂತ ಮೆಸೇಜ್ ಕಳಿಸಿದ್ರೆ ಗಿಟಾರ್ ಬಾರಿಸ್ತೀರಾ ಅಂತ ಕೇಳ್ತಾರೆ. ಹೊರಗಿನವರಿಗೆ ‘ಬಿಸಿನೆಸ್ ಟ್ರಿಪ್’ ಅಥವಾ ‘ಅಫಿಶಿಯಲ್ ಟ್ರಿಪ್’ ಅಂತಲೇ ಬರೆಯಿರಿ. ‘ಔಟ್ ಆಫ್ ಸ್ಟೇಷನ್’ ಕೂಡ ಅವರಿಗೆ ಅರ್ಥ ಆಗಲ್ಲ, ‘ಔಟ್ ಆಫ್ ಟೌನ್’ ಅನ್ನಿ.

ಫಾರಂ ಸಿಕ್ಸ್‌ಟೀನ್
ಟೂರ್ ಮತ್ತು ಟ್ರಾವೆಲ್ ವ್ಯತ್ಯಾಸಕ್ಕೆ ಹಣದ ಉದಾಹರಣೆ ಬೇಕಾದ್ರೆ ಎಲ್‌ಟಿಎ, ಅಂದ್ರೆ ನೌಕರರಿಗೆ ರಜೆಯ ಓಡಾಟಕ್ಕೆ ಸಿಗೋ ‘ಲೀವ್ ಟ್ರಾವೆಲ್ ಅಲೋವೆನ್ಸ್’. ಅದರ ಮಧ್ಯದ ‘ಟ್ರಾವೆಲ್’ ಪದವನ್ನ ತೆರಿಗೆಯವರು ಅಕ್ಷರಶಃ ಹಿಡೀತಾರೆ. ಟಿಕೆಟ್ ದರಕ್ಕೆ ಮಾತ್ರ ವಿನಾಯಿತಿ. ಹೋಟೆಲ್, ಊಟ, ಅಲ್ಲಿನ ಸುತ್ತಾಟದ ಟ್ಯಾಕ್ಸಿ ಯಾವುದೂ ಇಲ್ಲ. ಭಾರತದೊಳಗೆ ಮಾತ್ರ, ಅದೂ ಗುರಿಗೆ ಹತ್ತಿರದ ದಾರಿಯ ದರದ ಮಿತಿಯಲ್ಲಿ. ನಾಲ್ಕು ಕ್ಯಾಲೆಂಡರ್ ವರ್ಷದ ಬ್ಲಾಕಿಗೆ ಎರಡು ಜರ್ನಿ (ಇಲ್ಲೂ ಜರ್ನಿ ಅಂತಲೇ ಇದೆ ನೋಡಿ). 2022ರಿಂದ 2025ರದ್ದು ಮುಗಿದ ಬ್ಲಾಕ್, 2026ರಿಂದ 2029 ಈಗಿನದ್ದು. ಹಿಂದಿನ ಬ್ಲಾಕಿನಲ್ಲಿ ಬಳಸದೆ ಉಳಿದ ಒಂದು ಜರ್ನಿಯನ್ನ ಮುಂದಿನ ಬ್ಲಾಕಿನ ಮೊದಲ ವರ್ಷದೊಳಗೆ ಬಳಸಬಹುದು. ಇದೆಲ್ಲ ಹಳೆ ತೆರಿಗೆ ಪದ್ಧತಿಯವರಿಗೆ ಮಾತ್ರ.

ಕ್ಲೈಮ್ ಕೆಡೋದು ಎಲ್ಲಿ ಅಂದ್ರೆ, ಟೂರ್ ಪ್ಯಾಕೇಜ್ ತಗೊಂಡು ಒಂದೇ ಮೊತ್ತದ ಬಿಲ್ ಹಚ್ಚಿದಾಗ. ವಿಮಾನದ್ದೆಷ್ಟು, ಹೋಟೆಲಿದ್ದೆಷ್ಟು ಅಂತ ಬಿಡಿಸಿ ಬರೆದಿರದಿದ್ರೆ ಅಕೌಂಟ್ಸ್‌ನವರು ವಾಪಸ್ ಎಸೀತಾರೆ. ಬುಕ್ ಮಾಡುವಾಗಲೇ ಪ್ರಯಾಣ ದರ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ, ಬೋರ್ಡಿಂಗ್ ಪಾಸ್ ಎತ್ತಿಡಿ.

ಗೇಟ್ ನಂಬರ್ 23
ವಿಮಾನದ ಪದಗಳಲ್ಲಿ ದುಬಾರಿ ಗೊಂದಲ ಇವು:

ನಾನ್‌ಸ್ಟಾಪ್ ಅಂದ್ರೆ ಎಲ್ಲೂ ಇಳಿಯಲ್ಲ. ಡೈರೆಕ್ಟ್ ಅಂದ್ರೆ ಫ್ಲೈಟ್ ನಂಬರ್ ಒಂದೇ, ಮಧ್ಯೆ ಇಳಿಯಬಹುದು. ಡೈರೆಕ್ಟ್ ಅಂತ ನೋಡಿ ವಯಸ್ಸಾದ ಅಪ್ಪ ಅಮ್ಮನಿಗೆ ಟಿಕೆಟ್ ಮಾಡೋರು ‘ಸ್ಟಾಪ್ಸ್’ ಕಾಲಂನಲ್ಲಿ ಸೊನ್ನೆ ಇದೆಯಾ ನೋಡಿ.

ಲೇಓವರ್ ಮತ್ತು ಸ್ಟಾಪೋವರ್ ಗೆರೆ ಅಂತರರಾಷ್ಟ್ರೀಯ ಟಿಕೆಟಿನಲ್ಲಿ 24 ಗಂಟೆ. ಒಳಗಿದ್ರೆ ಲೇಓವರ್ ಅಥವಾ ಕನೆಕ್ಷನ್, ಮೀರಿದ್ರೆ ಸ್ಟಾಪೋವರ್. ಸ್ಟಾಪೋವರ್ ಆದ ಕೂಡಲೇ ದರದ ನಿಯಮ ಬದಲಾಗಬಹುದು, ಬ್ಯಾಗ್ ಅಲ್ಲೇ ಕೈಗೆ ಬರುತ್ತೆ, ಆ ದೇಶದ ವೀಸಾ ಪ್ರಶ್ನೆ ಏಳುತ್ತೆ.

ಟ್ರಾನ್ಸಿಟ್ ಅಂದ ಮಾತ್ರಕ್ಕೆ ವೀಸಾ ಬೇಡ ಅಂತಲ್ಲ. ಅಮೆರಿಕದಲ್ಲಿ ಹೊರದೇಶದಿಂದ ಹೊರದೇಶಕ್ಕೆ ವಿಮಾನ ಬದಲಿಸೋರಿಗೂ ಇಮಿಗ್ರೇಷನ್ ತಪ್ಪಲ್ಲ. ಭಾರತೀಯ ಪಾಸ್‌ಪೋರ್ಟಿನವರಿಗೆ ಟ್ರಾನ್ಸಿಟ್ ವೀಸಾ ಇಲ್ಲವೇ ಚಾಲ್ತಿಯಲ್ಲಿರೋ ವಿಸಿಟರ್ ವೀಸಾ ಬೇಕೇ ಬೇಕು.

ಇನ್ನು ಅಗ್ಗಕ್ಕೆ ಅಂತ ಎರಡು ಬೇರೆ ಪಿಎನ್ಆರ್‌ನಲ್ಲಿ ಟಿಕೆಟ್ ಮಾಡಿ ಅದನ್ನ ಕನೆಕ್ಷನ್ ಅನ್ನಬೇಡಿ. ಅದು ಸೆಲ್ಫ್ ಟ್ರಾನ್ಸ್‌ಫರ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದ್ರೆ ಎರಡನೇ ಕಂಪನಿಗೆ ನೀವು ಬರದೇ ಇದ್ದ ಪ್ರಯಾಣಿಕ, ಅಷ್ಟೆ. ಸಾಮಾನ್ಯವಾಗಿ ಬ್ಯಾಗ್ ಹೊರಗೆ ತಗೊಂಡು ಮತ್ತೆ ಚೆಕ್‌ಇನ್ ಮಾಡಬೇಕು, ಅದಕ್ಕೆ ದೇಶದೊಳಗೆ ಹೋಗೋ ವೀಸಾ ಬೇಕು. ಜನ ಚೆಕ್‌ಇನ್ ಕೌಂಟರಲ್ಲೇ ಸಿಕ್ಕಿಹಾಕಿಕೊಳ್ಳೋದು ಇಲ್ಲಿ.

ಸಂತೆಪೇಟೆ
ಅಮೆರಿಕ ವೀಸಾ ಫಾರಂನಲ್ಲಿ ‘ಪರ್ಪಸ್ ಆಫ್ ಟ್ರಿಪ್’ ಅಂತ ಇದೆ. ಟ್ರಿಪ್ ಅಂದ್ರೆ ಹೋಗಿಬರೋದು ಅಂತಾದ್ರೆ ಕೆಲಸಕ್ಕೆ ಹೋಗೋರೂ ಅದನ್ನೇ ತುಂಬಬೇಕಾ?

ಗೇಟ್ ನಂಬರ್ 23
ಹೌದು, ಡಿಎಸ್ 160 ಎಲ್ಲಾ ತಾತ್ಕಾಲಿಕ ವೀಸಾಗಳಿಗೂ ಒಂದೇ ಫಾರಂ. ತಾತ್ಕಾಲಿಕವಾಗಿ ಹೋಗೋರಿಗೆ ಹೊಂದೋ ಹಾಗೇ ಅದರ ಭಾಷೆ ಇದೆ. ಅದರಲ್ಲೇ ‘ಟ್ರಾವೆಲ್ ಪ್ಲಾನ್ಸ್’ ಬೇರೆ ಕೇಳ್ತಾರೆ: ತಲುಪೋ ದಿನ, ಟಿಕೆಟ್ ಇದ್ದರೆ ಅದರ ವಿವರ. ‘ಟ್ರಿಪ್’ ಕಾಲಂನಲ್ಲಿ ವೀಸಾ ವರ್ಗ, ‘ಟ್ರಾವೆಲ್’ ಕಾಲಂನಲ್ಲಿ ಓಡಾಟದ ವಿವರ ಅಂತ ನೆನಪಿಟ್ಟುಕೊಂಡ್ರೆ ಸಾಕು.

ತಿರುಗಾಟದ ಚೌಕಿ
ನಮ್ಮಲ್ಲಿ ಪದ ಇಲ್ಲ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಯಕ್ಷಗಾನ ಮೇಳಗಳು ಮಳೆಗಾಲ ಕಳೆದು ಹೊರಟು ಬೇಸಿಗೆ ಕೊನೆಯವರೆಗೆ ಊರೂರಲ್ಲಿ ಆಟ ಆಡ್ತಾ ಹೋಗುವುದಕ್ಕೆ ‘ತಿರುಗಾಟ’ ಅಂತಲೇ ಹೆಸರು. ಕಲಾವಿದರ ಅನುಭವವನ್ನು ಎಷ್ಟು ತಿರುಗಾಟ ಅಂತ ಎಣಿಸುತ್ತಾರೆ. ಹಾಡುಗಾರರ ಟೂರ್‌ಗೆ ಇದಕ್ಕಿಂತ ಸರಿಯಾದ ಪದ ಬೇಕಾ? ಹೈಕ್, ಟ್ರೆಕ್‌ಗೆ ಚಾರಣ ಉಂಟು. ಎಕ್ಸ್‌ಪೆಡಿಶನ್‌ಗೆ ಸಾಹಸಯಾತ್ರೆ, ಸೈನ್ಯದ್ದಾದ್ರೆ ದಂಡಯಾತ್ರೆ. ಆಕಾಶಕ್ಕೆ ಹೋಗುವುದೆಲ್ಲ ಯಾನ.

ತಾಳೆಗರಿ
ಚೌಕಿಯವರೇ, ‘ಪ್ರವಾಸ’ ಮಾತ್ರ ಹುಷಾರು. ಸಂಸ್ಕೃತದಲ್ಲಿ ಅದು ಮನೆ ಬಿಟ್ಟು ಹೊರನಾಡಿನಲ್ಲಿ ಇರೋದು. ಹಿಂದಿಯವರು ಆ ಅರ್ಥ ಉಳಿಸಿಕೊಂಡಿದ್ದಾರೆ, ಅಲ್ಲಿ ಪ್ರವಾಸಿ ಅಂದ್ರೆ ವಲಸೆ ಹೋದವನು. ಜನವರಿ 9ರ ‘ಪ್ರವಾಸಿ ಭಾರತೀಯ ದಿವಸ್’ ಟೂರಿಸ್ಟರ ದಿನ ಅಲ್ಲ, ಅನಿವಾಸಿ ಭಾರತೀಯರದ್ದು. ಗಾಂಧೀಜಿ 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳಿದ ದಿನ.

ಇದೇ ಥರ ಇಂಗ್ಲಿಷಿನಲ್ಲಿ ಸೋಜರ್ನ್. ಪೇಪರಿನವರು ‘ಎ ಸೋಜರ್ನ್ ಟು ದ ಹಿಲ್ಸ್’ ಅಂತ ಬರೀತಾರೆ. ಸೋಜರ್ನ್ ಅಂದ್ರೆ ಸ್ವಲ್ಪ ದಿನ ತಂಗೋದು, ಹೋಗೋದಲ್ಲ. ‘ಇನ್ ದ ಹಿಲ್ಸ್’ ಆಗಬೇಕು.

ಕೋಲ್ಡ್ ಚೈನ್
ಎಕ್ಸ್‌ಕರ್ಷನ್ ಬಿಟ್ಟೇ ಹೋಯ್ತು. ನಮ್ಮ ಔಷಧಿ ಗೋದಾಮಿನಲ್ಲಿ ಲಸಿಕೆ ಪೆಟ್ಟಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ‘ಟೆಂಪರೇಚರ್ ಎಕ್ಸ್‌ಕರ್ಷನ್’ ಅಂತ ದಾಖಲಿಸ್ತೀವಿ. ಗೆರೆ ದಾಟಿ ಹೊರಗೆ ಓಡೋದು ಅನ್ನೋದೇ ಮೂಲಾರ್ಥ.

ಪಿಎನ್ಆರ್ ಪಂಡಿತ
ಓಡಾಟದ ಎಕ್ಸ್‌ಕರ್ಷನ್ ಅಂದ್ರೆ ಗುಂಪಾಗಿ, ಸಣ್ಣ ಅವಧಿಗೆ, ಯಾರೋ ಏರ್ಪಡಿಸಿದ್ದು. ಟೂರ್ ಕಂಪನಿ ಕಟ್ಟಿದ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನ ತಲೆಗೆ ಒಂದು ಶಿಲಿಂಗಿನಂತೆ ರೈಲಲ್ಲಿ ಕರೆದೊಯ್ದದ್ದು ಎಕ್ಸ್‌ಕರ್ಷನ್. ಮದ್ಯಪಾನ ವಿರೋಧಿ ಸಭೆಗೆ! ಈಗಿನ ಟೂರ್ ಬಸ್ಸಿನವರಿಗೆ ಇದನ್ನ ಹೇಳಬೇಕು.

ಕೆಂಪು ಬಸ್ಸು
ಬಸ್ಸಿನ ಮಾತು ಬಂದದ್ದಕ್ಕೆ: ‘ಟ್ರಾವೆಲ್ಸ್’ ಬಸ್ಸಿನವರು ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಳ್ಳೋಕೆ ಕಾನೂನಿದೆಯಾ?

ಗೆಜೆಟೆಡ್ ರಜೆ
1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎರಡು ಜಾತಿ. ಸ್ಟೇಜ್ ಕ್ಯಾರಿಯೇಜ್: ಬಿಡಿಬಿಡಿ ಪ್ರಯಾಣಿಕರಿಗೆ ಹಂತ ಹಂತಕ್ಕೆ ಟಿಕೆಟ್ ಹರಿದು ಹತ್ತಿಸಿ ಇಳಿಸಬಹುದು. ಕಾಂಟ್ರ್ಯಾಕ್ಟ್ ಕ್ಯಾರಿಯೇಜ್: ಮೊದಲೇ ಆದ ಕರಾರಿನಂತೆ ಇಡೀ ಬಸ್ಸು, ಕರಾರಿಗೆ ಸೇರದವರನ್ನ ದಾರಿಯಲ್ಲಿ ಹತ್ತಿಸೋ ಹಾಗಿಲ್ಲ. ಟೂರಿಸ್ಟ್ ಬಸ್ಸು ಎರಡನೇ ಜಾತಿ. ಮದುವೆ ದಿಬ್ಬಣಕ್ಕೆ ಬಸ್ ಹಿಡಿಯೋರು ಪರ್ಮಿಟ್ ಜೊತೆ ಪ್ರಯಾಣಿಕರ ಪಟ್ಟಿಯ ಪ್ರತಿ ಇದೆಯಾ ನೋಡಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಮೊದಲು ಕೇಳೋದು ಅದನ್ನೇ.

ಎಂಟನೇ ಬಿ ಸೆಕ್ಷನ್
ದಿಬ್ಬಣ ಸಾಕು, ಹಾಳೆಗೆ ಬನ್ನಿ. ಬಿಟ್ಟ ಸ್ಥಳಗಳ ಕರಡು ಹೀಗಿದೆ. ಪದಗಳು: ಟ್ರಿಪ್, ಜರ್ನಿ, ಟೂರ್, ಟ್ರಾವೆಲ್, ವಾಯೇಜ್.

1. ದ ಟೈಟಾನಿಕ್ ಸ್ಯಾಂಕ್ ಆನ್ ಇಟ್ಸ್ ಫಸ್ಟ್ ____ ಇನ್ 1912.
2. ಫಾರಿನ್ ____ ಈಸ್ ಎಕ್ಸ್‌ಪೆನ್ಸಿವ್.
3. ದ ಗೈಡ್ ಗೇವ್ ಅಸ್ ಎ ____ ಆಫ್ ದ ಪ್ಯಾಲೆಸ್.
4. ದ ____ ಫ್ರಮ್ ಹುಬ್ಬಳ್ಳಿ ಟು ಕಾರವಾರ ಟುಕ್ ಫೋರ್ ಅವರ್ಸ್.
5. ಶಿ ಈಸ್ ಅವೇ ಆನ್ ಎ ಬಿಸಿನೆಸ್ ____.

ಸಿಲ್ಲಿ ಪಾಯಿಂಟ್
ನಾಲ್ಕನೆಯದು ಕೆಟ್ಟ ಪ್ರಶ್ನೆ. ಜರ್ನಿ ಸರಿ, ಆದ್ರೆ ಟ್ರಿಪ್ ಹಾಕಿದ ಮಗುವಿಗೆ ಸೊನ್ನೆ ಕೊಡೋಕಾಗಲ್ಲ. ಅಮೆರಿಕದವರು ‘ದ ಟ್ರಿಪ್ ಟುಕ್ ಫೋರ್ ಅವರ್ಸ್’ ಅಂತ ಧಾರಾಳವಾಗಿ ಅಂತಾರೆ.

ನಿಘಂಟು ಹುಳ
ಹೌದು, ಟ್ರಿಪ್ ಜರ್ನಿಯ ಜಾಗಕ್ಕೆ ನುಗ್ಗುತ್ತೆ, ಜರ್ನಿ ಟ್ರಿಪ್ಪಿನ ಜಾಗಕ್ಕೆ ಅಷ್ಟು ಸುಲಭಕ್ಕೆ ನುಗ್ಗಲ್ಲ. ವಾಕ್ಯದಲ್ಲೇ ಎರಡನ್ನೂ ಎದುರುಬದುರು ನಿಲ್ಲಿಸಿ: ‘ವಿ ಎಂಜಾಯ್ಡ್ ಅವರ್ ತ್ರೀ ಡೇ ____ ಟು ಕಾರವಾರ, ಬಟ್ ದ ಬಸ್ ____ ಬ್ಯಾಕ್ ವಾಸ್ ಟೈರಿಂಗ್.’ ಮೊದಲನೆಯದು ಟ್ರಿಪ್, ಎರಡನೆಯದು ಜರ್ನಿ. ಮೂರು ದಿನ ಅಂದ ಮೇಲೆ ಅದು ಬರೀ ದಾರಿ ಆಗೋಕೆ ಸಾಧ್ಯವಿಲ್ಲ.

ಪಣಂಬೂರು ಡೆಕ್
ಒಂದನೆಯದರಲ್ಲಿ ‘ಫಸ್ಟ್’ ತೆಗೆದು ‘ಮೇಡನ್’ ಹಾಕಿ ಮೇಡಂ. ಹಡಗಿಗೆ ಮೇಡನ್ ವಾಯೇಜ್, ವಿಮಾನಕ್ಕೆ ಮೇಡನ್ ಫ್ಲೈಟ್. ‘ಫಸ್ಟ್’ ಇದ್ದರೆ ಮಕ್ಕಳು ಟ್ರಿಪ್ ಅಂತ ಬರೆದು ಮಾರ್ಕಿಗೆ ಜಗಳ ಮಾಡ್ತಾರೆ, ಜಗಳದಲ್ಲಿ ನ್ಯಾಯವೂ ಉಂಟು.

ಎಂಟನೇ ಬಿ ಸೆಕ್ಷನ್
ಎರಡೂ ಬದಲಾಯಿಸಿದೆ. ಎರಡನೇ ಪ್ರಶ್ನೆಗೆ ‘ಟೂರ್’ ಅಂತ ಬರೆದ್ರೆ?

ಸಿಲ್ಲಿ ಪಾಯಿಂಟ್
ತಪ್ಪು ಅಂತ ಹಾಕಿ. ಹಿಂದೆ ‘ಎ’ ಇಲ್ಲ, ಪದಕ್ಕೆ ಬಹುವಚನವೂ ಇಲ್ಲ. ಎಣಿಸೋ ಪದ ಅಲ್ಲಿ ಬೆತ್ತಲೆ ನಿಲ್ಲಲ್ಲ.